ಪುಟ ಇಪ್ಪತ್ಮೂರರ ಒಣ ಹುಲ್ಲು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ನೀವೇ ಹೇಳಿಬಿಟ್ಟರೆ ನನ್ನ ಅರ್ಧ ಕೆಲಸ ಮುಗಿಯುತ್ತದೆ. ಕೆರೆಯಿಂದ ಶುರು ಮಾಡಲೇ? ಕೆರೆಯಿಂದ ಶುರುವಾದ ಕಥೆಗಳಲ್ಲಿ ಮೂರನೇ ಪ್ಯಾರಾದ ಹೊತ್ತಿಗೆ ಬೆಳ್ಳಕ್ಕಿ ಹಾರುತ್ತದೆ. ಬೆಳ್ಳಕ್ಕಿಯ ಮೇಲೆ ನನಗೇನೂ ಸಿಟ್ಟಿಲ್ಲ, ಆದರೆ ಈ ಕಥೆಯಲ್ಲಿ ಅದಕ್ಕೆ ಕೆಲಸವಿಲ್ಲ. ಆಫೀಸ್ ಕಟ್ಟಡದಿಂದ ಶುರು ಮಾಡೋಣವೆಂದರೆ ಅದನ್ನು ಇನ್ನೂ ಕಟ್ಟಿಲ್ಲ. ಕಟ್ಟದೇ ಇರುವ ಕಟ್ಟಡದ ಬಗ್ಗೆ ನೂರ ಹನ್ನೆರಡು ಪುಟದ ವರದಿ ಮಾತ್ರ ಇದೆ. ಇದಕ್ಕಿಂತ ದೊಡ್ಡ ಕಥೆಗಾರಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

(ಅಸೂಯೆಯಿಂದ ಹೇಳುತ್ತಿದ್ದೇನೆ. ನನ್ನ ಕಥೆಗಳು ಹತ್ತು ಪುಟ ದಾಟಿದ್ದೇ ಇಲ್ಲ.)

೧, ಇನ್ನೊಂದು ಸಲ

ನನ್ನ ಹೆಸರು ವೀರಭದ್ರಸ್ವಾಮಿ. ಹುಣಸೂರಿನ ತಾಲ್ಲೂಕು ಕಚೇರಿಯ ಎದುರು ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಊರಂಚಿನ ಗೌಡನಕೆರೆಯ ದಂಡೆಯ ಮೇಲೆ, ನೀರಿಗೆ ಮುಖ ಮಾಡಿ, ಎಂಟು ಮಹಡಿಯ ಗಾಜಿನ ಆಫೀಸ್ ಸಂಕೀರ್ಣ ಬರುತ್ತದಂತೆ. ಅನುಮತಿ ಕೊಡುವ ಮೊದಲು ಪರಿಸರ ಪರಿಶೀಲನೆ ಆಗಬೇಕು: ಜಾಗ ನೋಡಬೇಕು, ವರದಿ ಬರೆಯಬೇಕು, ಜನರನ್ನು ಕರೆದು ಅಹವಾಲು ಕೇಳಬೇಕು, ಆಮೇಲೆ ಸಮಿತಿ ತೀರ್ಮಾನ ಮಾಡಬೇಕು. ಮೈಸೂರಿನ ಒಂದು ಸಂಸ್ಥೆ ವರದಿ ಬರೆಯಿತು. ಅದನ್ನು ಕನ್ನಡಕ್ಕೆ ತಂದವನು ನಾನು.

ಪುಟ ಇಪ್ಪತ್ಮೂರರಲ್ಲಿ ಚಿತ್ರ ೧೪ ಇದೆ. ಒಣ ಹುಲ್ಲು, ಹಿಂದೆ ನೀರು, ಇನ್ನೇನೂ ಇಲ್ಲ. ಕೆಳಗೆ ಇಂಗ್ಲಿಷಿನಲ್ಲಿ, ಜಾಗ ಖಾಲಿಯಿದೆ, ಜನಬಳಕೆ ಕಾಣಲಿಲ್ಲ ಎಂಬ ಅರ್ಥದ ಸಪ್ಪೆ ವಾಕ್ಯವಿತ್ತು. ನಾನು ಸಾಹಿತಿಯಲ್ಲವೇ? ಒಗ್ಗರಣೆ ಹಾಕಿದೆ. ‘ಒಣ ಹುಲ್ಲು ಹಾಸಿದ ನಿರ್ಜನ ದಂಡೆ, ಇಲ್ಲಿ ಯಾವುದೇ ಜನಬಳಕೆ ಕಂಡುಬಂದಿಲ್ಲ.’ ನಿರ್ಜನ ಎಂಬ ಪದ ಬಿದ್ದ ಮೇಲೆ ವಾಕ್ಯಕ್ಕೊಂದು ಕಳೆ ಬಂತು. ಅವತ್ತು ಎರಡು ಟೀ ಕುಡಿದೆ.

೩

(ಎರಡನ್ನು ಅಳಿಸಿದ್ದೇನೆ. ಅದರಲ್ಲಿ ಬೆಳ್ಳಕ್ಕಿ ಬಂದುಬಿಟ್ಟಿತ್ತು.)

ಮರಮ್ಮ ಆಧಾರ್ ಕಾರ್ಡಿನ ಜೆರಾಕ್ಸ್ ಮಾಡಿಸಲು ಬಂದಳು. ಐವತ್ತೆಂಟು ವರ್ಷದ ಹೆಂಗಸು, ಗೌಡನಕೆರೆಯ ಹಿಂದಿನ ಕೇರಿಯವಳು. ಮೇಜಿನ ಮೇಲೆ ಪುಟ ಇಪ್ಪತ್ಮೂರು ಬಿದ್ದಿತ್ತು. ಅದನ್ನು ಕೈಗೆತ್ತಿಕೊಂಡವಳ ಮುಖ ಅರಳಿತು.

“ಅಯ್ಯೋ, ಇದು ನಮ್ ಮಡಿ ಅಲ್ವಾ ಸ್ವಾಮಣ್ಣ! ಎಷ್ಟ್ ಚೆಂದಾಗ್ ಬಂದೈತೆ! ಪೇಪರ್‌ಗೆ ಆಕ್ತಾರಾ?”

“ಯಾವ ಮಡಿ ಮರಕ್ಕ?”

“ಒಗೆಸೊಪ್ಪಿನ ಸಸಿ ಮಡಿ ಕಣ್ರೀ. ಈ ಉಲ್ಲಿನ ಕೆಳಗೆ ಬಿತ್ತಿರೋದು ನಾನೇ. ಏನ್ ಬರ್ದವ್ರೆ, ವಸಿ ಓದಿ.”

ನಾನು ಓದಿದೆ. ನಿರ್ಜನ ಎನ್ನುವಾಗ ನನ್ನ ದನಿ ನನಗೇ ಕೇಳಲಿಲ್ಲ. ಮರಮ್ಮ ಹಾಳೆಯನ್ನು ಮೊದಲು ಎಲ್ಲಿತ್ತೋ ಅಲ್ಲೇ ಇಟ್ಟಳು. ಆಮೇಲೆ, “ತಪ್ಪು ನಂದೇ ಬುಡಿ,” ಎಂದಳು.

೪

ಅವಳ ತಪ್ಪೇನೆಂದು ಹೇಳುತ್ತೇನೆ. ಗೊತ್ತಿಲ್ಲದವರಿಗೆ ಮೊದಲು ಇಷ್ಟು: ಈ ಕಡೆ ಹೊಗೆಸೊಪ್ಪಿನ ಬೀಜವನ್ನು ನೇರ ಹೊಲಕ್ಕೆ ಹಾಕುವುದಿಲ್ಲ. ನೀರು ಹತ್ತಿರವಿರುವ ಕಡೆ ಸಣ್ಣ ಮಡಿ ಮಾಡಿ, ಪುಡಿಯಂಥ ಬೀಜ ಚೆಲ್ಲಿ, ಮೇಲೆ ಹುಲ್ಲು ಹೊದಿಸಿ, ತೂತಿನ ಕ್ಯಾನಿನಲ್ಲಿ ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸುತ್ತಾರೆ. ಮರಮ್ಮ ಇದನ್ನು ಗೌಡನಕೆರೆಯ ದಂಡೆಯಲ್ಲಿ ಅತ್ತೆಯ ಕಾಲದಿಂದ ಮಾಡುತ್ತಿದ್ದಾಳೆ. ಅವಳಿಗೆ ಹೊಲವಿಲ್ಲ. ಅವಳ ಸಸಿ ಗುರುಪುರದಿಂದ ಬೆಟ್ಟದಪುರದ ತನಕ ಹೋಗುತ್ತದೆ, ಆ ದಂಡೆಯೇ ಅವಳ ಜೀವನ. ಗುರುಪುರದಲ್ಲಿ ನನ್ನ ಭಾವಮೈದ ನೆಡುವುದೂ ಅವಳ ಸಸಿಯನ್ನೇ. ಅದು ಗೊತ್ತಿದ್ದೂ ನಾನು ನಿರ್ಜನ ಎಂದು ಬರೆದೆ.

ಫೆಬ್ರವರಿಯಲ್ಲಿ ಕೆರೆಯ ತೂಬು ನೋಡಿಕೊಳ್ಳುವ ನೀರುಗಂಟಿ ಮಂಚಯ್ಯ ಬಂದು, “ಬುಧವಾರ ದೊಡ್ಡ ಆಫೀಸರ್‌ಗಳು ಬತ್ತಾರೆ,” ಎಂದ. ಅಷ್ಟೇ ಸಾಕಾಯಿತು. ಆಫೀಸರ್ ಬರುತ್ತಾರೆಂದರೆ ನಮ್ಮ ಜನ ಏನು ಮಾಡುತ್ತಾರೆ? ಗುಡಿಸುತ್ತಾರೆ. ಎಮ್ಮೆಗಳನ್ನು ಆಚೆ ಕಟ್ಟಿದರು. ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿದರು. ಗರಿಯ ಚಪ್ಪರ ಕಿತ್ತರು, ಕ್ಯಾನು ಬಕೆಟ್ಟುಗಳನ್ನು ಮನೆಗೆ ಸಾಗಿಸಿದರು. ಮೂರು ದಿನದ ಹಿಂದೆ ಬಿತ್ತಿದ್ದ ಮಡಿಯ ಮೇಲಿನ ಹುಲ್ಲನ್ನು ಮರಮ್ಮ ಕೈಯಿಂದಲೇ ತಟ್ಟಿ, ಒಂದು ಎಳೆ ಏರುಪೇರಾಗದಂತೆ ಹರಡಿದಳು. ಬಂದವರಿಗೆ ಮಜ್ಜಿಗೆ ಕೊಟ್ಟಳು.

ಬಂದವಳು ಅನುಶ್ರೀ, ವರದಿ ಬರೆದ ಸಂಸ್ಥೆಯ ಪರಿಸರ ಎಂಜಿನಿಯರ್. “ಇಲ್ಲಿಗೆ ಯಾರಾದ್ರೂ ಬರ್ತಾರಾ ಅಮ್ಮ?” ಎಂದು ಕೇಳಿದಳು.

ಒತ್ತುವರಿ ಕೇಸು ಹಾಕುವುದಕ್ಕೇ ಕೇಳುತ್ತಿದ್ದಾಳೆ ಎಂದುಕೊಂಡ ಮರಮ್ಮ, “ಯಾರೂ ಬರಲ್ಲ ಕಣವ್ವ,” ಎಂದಳು. ಫೋಟೋ ತೆಗೆಯುವಾಗ ಅಡ್ಡವಾದೀತೆಂದು ಅನುಶ್ರೀಯ ಬೆನ್ನ ಹಿಂದೆ ಹೋಗಿ ನಿಂತಳು. ಅವಳ ಬ್ಯಾಗನ್ನೂ ಹಿಡಿದುಕೊಂಡಳು.

ಹೀಗೆ ಮರಮ್ಮ ತನ್ನ ಕೈಯಾರೆ ತನ್ನನ್ನು ಗುಡಿಸಿ ಹಾಕಿದಳು. (ಈ ವಾಕ್ಯ ಸ್ವಲ್ಪ ಜಾಸ್ತಿಯಾಯಿತು. ಆದರೆ ನಿಜ.)

೫

ನನ್ನ ಮೊದಲ ಡ್ರಾಫ್ಟಿನಲ್ಲಿ ಮರಮ್ಮ ಸೇವಂತಿಗೆ ಬೆಳೆಯುತ್ತಿದ್ದಳು. ಪರಿಸರದ ಕಥೆ ನೋಡಿ, ನಾಯಕಿ ಹೊಗೆಸೊಪ್ಪು ಬೆಳೆದರೆ ಓದುಗರು ಕೆಮ್ಮುತ್ತಾರೆ. ಆ ಭಾಗವನ್ನು ಅವಳಿಗೆ ಓದಿ ಹೇಳಿದೆ.

“ಸೇವಂತಿಗೆ ಯಾರ್ ಬೆಳೀತಾರೆ?”

“ನೀವೇ, ಮರಕ್ಕ. ಕಥೆಯಲ್ಲಿ.”

“ನಿಮ್ಗೆ ನಾಚ್ಕೆ ಆದ್ರೆ ಬರೀಬ್ಯಾಡಿ. ನಾನು ಬೆಳ್ದಿರೋದು ಒಗೆಸೊಪ್ಪಿನ ಸಸಿ. ಅವ್ರು ಉಲ್ಲು ಅಂತ ಬರುದ್ರು, ನೀವು ಊವು ಅಂತ ಬರೀತೀರ. ನಿಮ್ಗೂ ಅವ್ರ್‌ಗೂ ಏನ್ ವ್ಯತ್ಯಾಸ?”

ಸಾಹಿತ್ಯ ವಿಮರ್ಶೆಯನ್ನು ನಾನು ಸಾಕಷ್ಟು ಕೇಳಿದ್ದೇನೆ. ಇಷ್ಟು ಚಿಕ್ಕ ಮಾತಿನಲ್ಲಿ ಯಾರೂ ಕೊಂದಿರಲಿಲ್ಲ. ಸೇವಂತಿಗೆಯನ್ನು ಕಿತ್ತುಹಾಕಿದೆ.

ಏಪ್ರಿಲ್‌ನಲ್ಲಿ ಅಹವಾಲು ಸಭೆ ಗೊತ್ತಾಯಿತು. “ಆಕ್ಷೇಪಣೆ ಬರೆದುಕೊಡುತ್ತೇನೆ, ಹೆಬ್ಬೆಟ್ಟು ಒತ್ತಿ ಸಾಕು,” ಎಂದೆ. ಅವಳು ಒಪ್ಪಲಿಲ್ಲ. ತೊಡಕು ಬೇರೆಯೇ ಇತ್ತು. ಯಾರೂ ಬರಲ್ಲ ಎಂದು ಬಾಯಿಬಿಟ್ಟು ಹೇಳಿದವಳು ಅವಳೇ. ಬೀಜದ ವಿಷಯದಲ್ಲಾಗಲಿ ಸಸಿಯ ವಿಷಯದಲ್ಲಾಗಲಿ ಮರಮ್ಮ ಎರಡು ಮಾತಾಡುವವಳಲ್ಲ ಎಂದು ರೈತರು ದೂರದಿಂದ ಬರುತ್ತಾರೆ. ಈಗ ಅದೇ ರೈತರು ಕೂತ ಸಭೆಯಲ್ಲಿ, ‘ನಾನು ಸುಳ್ಳು ಹೇಳಿದೆ’ ಎಂದು ಅವಳು ಎದ್ದು ನಿಂತು ಒಪ್ಪಿಕೊಳ್ಳಬೇಕು. ಇಲ್ಲವಾದರೆ ದಂಡೆ ಹೋಗುತ್ತದೆ.

೭

ವರದಿಯ ಏಳನೇ ಅಧ್ಯಾಯದ ಹೆಸರು ‘ಪರ್ಯಾಯಗಳು’. ಬೇರೆ ಜಾಗದಲ್ಲಿ ಕಟ್ಟಿದರೆ ಏನು, ಚಿಕ್ಕದು ಕಟ್ಟಿದರೆ ಏನು, ಕಟ್ಟದೇ ಬಿಟ್ಟರೆ ಏನು ಎಂದು ಬರೆಯಲೇಬೇಕು, ನಿಯಮ. ಕಥೆಗಾರರಿಗೂ ಇಂಥದೊಂದು ನಿಯಮ ಇರಬೇಕಿತ್ತು. ನಾನಂತೂ ಪಾಲಿಸುತ್ತೇನೆ. (ಆರು ಎಲ್ಲಿ ಹೋಯಿತು ಎಂದು ಕೇಳಬೇಡಿ. ಏಳನ್ನು ಏಳರಲ್ಲೇ ಇಡಬೇಕಿತ್ತು.)

ಪರ್ಯಾಯ ಒಂದು: ನಾನು ಕನ್ನಡದಲ್ಲಿ ಆ ವಾಕ್ಯವನ್ನು ಸದ್ದಿಲ್ಲದೆ ತಿದ್ದುತ್ತೇನೆ. ಸಮಿತಿ ಕನ್ನಡವನ್ನೇ ಓದುತ್ತದೆ (ನಗಬೇಡಿ). ದಂಡೆ ಉಳಿಯುತ್ತದೆ. ಇದನ್ನು ಕೇಳಿದ ಮರಮ್ಮ, “ನೀವು ಕದ್ದು ಬರುದ್ರೆ ನಾಳೆ ಇನ್ನೊಬ್ರು ಕದ್ದು ಅಳುಸ್ತಾರೆ,” ಎಂದಳು.

ಪರ್ಯಾಯ ಎರಡು: ಮರಮ್ಮ ಮೈಕು ಕಸಿದುಕೊಂಡು ಮಾತಾಡುತ್ತಾಳೆ. ಭೂಮಿತಾಯಿ, ಮುಂದಿನ ಪೀಳಿಗೆ, ಎಲ್ಲ ಬರುತ್ತದೆ. ಮೂರು ನಿಮಿಷ ಚಪ್ಪಾಳೆ. ಬರೆಯುತ್ತಾ ನನ್ನ ಕಣ್ಣಲ್ಲೇ ನೀರು ಬಂತು. ಅವಳು, “ಥೂ, ಅಂಗೆಲ್ಲ ಯಾರ್ ಮಾತಾಡ್ತಾರೆ?” ಎಂದಳು.

ಪರ್ಯಾಯ ಸೊನ್ನೆ: ಯಾರೂ ಏನೂ ಮಾಡುವುದಿಲ್ಲ. ಟೀ ಬಿಸ್ಕತ್ತಿನೊಂದಿಗೆ ಸಭೆ ಮುಗಿಯುತ್ತದೆ. ಮುಂದಿನ ಫೆಬ್ರವರಿಯಲ್ಲಿ ಮರಮ್ಮ ಬೀಜ ಕಟ್ಟಿಕೊಂಡು ದಂಡೆಗೆ ಹೋದರೆ ಅಲ್ಲಿ ತಗಡಿನ ಬೇಲಿ ಇರುತ್ತದೆ. ಇದಕ್ಕೆ ಕಥೆಗಾರನೇ ಬೇಕಾಗಿಲ್ಲ, ತಾನಾಗಿ ಆಗುತ್ತದೆ. ನನಗೆ ಭಯವಿದ್ದದ್ದು ಇದರದ್ದೇ.

೮

ಸಮುದಾಯ ಭವನ, ಬೆಳಿಗ್ಗೆ ಹನ್ನೊಂದು ಗಂಟೆ. ವೇದಿಕೆಯ ಮೇಲೆ ಸಮಿತಿಯ ಅಧ್ಯಕ್ಷರು, ಪಕ್ಕದಲ್ಲಿ ಅನುಶ್ರೀ. ಕನ್ನಡ ಸಾರಾಂಶ ಓದುವ ಕೆಲಸವೂ ನನಗೇ ಬಿದ್ದಿತ್ತು. ಕೆಳಗೆ ಇನ್ನೂರು ಜನ. ಆಫೀಸ್ ಬರಲಿ ಎನ್ನುವವರು ಬಲಗಡೆ ಕೂತಿದ್ದರು, ಅವರಲ್ಲಿ ಮರಮ್ಮನ ಸೊಸೆ ಪೂಜಾ ಕೂಡ ಇದ್ದಳು. ಬಿಕಾಂ ಓದಿದ ಹುಡುಗಿ, ದಿನಾ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂತು ಬರುತ್ತಾಳೆ. ಅವಳು ಆ ಕಡೆ ಕೂತದ್ದರಲ್ಲಿ ತಪ್ಪೇನೂ ಇಲ್ಲ.

ಪುಟ ಇಪ್ಪತ್ಮೂರು ಬಂತು. ‘ಒಣ ಹುಲ್ಲು ಹಾಸಿದ’ ಎಂದು ಓದಿ ನಿಲ್ಲಿಸಿದೆ.

ಹಿಂದಿನ ಸಾಲಿನಿಂದ ಮರಮ್ಮ ಎದ್ದು ಬಂದಳು. ಕೈಯಲ್ಲಿ ಒದ್ದೆ ಗೋಣಿತಾಟು. ವೇದಿಕೆಯ ಮೇಜಿನ ಮೇಲೆ, ತೆರೆದಿದ್ದ ವರದಿಯ ಮೇಲೇ, ಅದನ್ನು ಬಿಚ್ಚಿದಳು. ಒಂದು ಹಿಡಿ ಸಸಿ, ಬೇರಿಗೆ ಮಣ್ಣು ಮೆತ್ತಿಕೊಂಡೇ ಇತ್ತು. ಚಿತ್ರ ೧೪ ಒದ್ದೆಯಾಯಿತು.

“ಅವತ್ತು ನಾನು ಸುಳ್ಳೇಳ್ದೆ ಕಣವ್ವ,” ಎಂದಳು ಅನುಶ್ರೀಗೆ. “ಯಾರೂ ಬರಲ್ಲ ಅಂದೆ. ನಾನೇ ದಿನಾ ಬತ್ತೀನಿ. ನೀನು ಫೋಟೋ ತೆಗ್ದಾಗ ಇವು ಆ ಉಲ್ಲಿನ ಕೆಳಗಿದ್ವು.”

ಸಭೆಯಲ್ಲಿ ಗುಸುಗುಸು ಎದ್ದಿತು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು, “ಹಾಗಾದ್ರೆ ಆಫೀಸ್ ಬೇಡ ಅಂತೀರಾ ತಾಯಿ?” ಎಂದು ಕೇಳಿದರು.

“ಬ್ಯಾಡ ಅನ್ನಕ್ಕೆ ಬಂದಿಲ್ಲ ಸ್ವಾಮಿ. ನನ್ ಸೊಸೇಗೂ ಕೆಲ್ಸ ಬೇಕು, ಅಲ್ಲೇ ಕುಂತವ್ಳೆ ನೋಡಿ. ಕಟ್ತೀರೋ ಬುಡ್ತೀರೋ ನೀವ್ ಮಾತಾಡಿ. ಖಾಲಿ ಅಂತ ಬರ್ದವ್ರಲ್ಲ, ಅದ್ ತಪ್ಪು. ಅದ್ನ ಏಳಕ್ಕೆ ಬಂದೆ.”

ಅನುಶ್ರೀ ಒಂದು ಸಸಿ ಎತ್ತಿ ನೋಡಿದಳು. “ನಾನು ಹುಲ್ಲು ಎತ್ತಿ ನೋಡ್ಬೇಕಿತ್ತು ಅಮ್ಮ,” ಎಂದಳು. ಮೈಕು ಆನ್ ಆಗಿತ್ತು, ಎಲ್ಲರಿಗೂ ಕೇಳಿಸಿತು.

ನನ್ನ ಕೈಯಲ್ಲೂ ಮೈಕಿತ್ತು. “ನಿರ್ಜನ ಎಂಬ ಪದ ಮೂಲದಲ್ಲಿ ಇಲ್ಲ. ಅದನ್ನು ನಾನು ಚೆಂದಕ್ಕೆ ಸೇರಿಸಿದ್ದು,” ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಬೆಟ್ಟದಪುರದ ರೈತನೊಬ್ಬ ಮಾತ್ರ ಎದ್ದು, “ಮರಕ್ಕ, ನಂಗೆ ಕೊಡ್ತೀನಿ ಅಂದಿದ್ ಸಸಿ ಅವೇನಾ? ಈ ವರ್ಸ ಚೆನ್ನಾಗ್ ಬಂದವೆ,” ಎಂದ. ಸಭೆ ನಕ್ಕಿತು. ಮರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ನನಗೆ ಅವಳ ಬಗ್ಗೆ ಹೆಮ್ಮೆಯಾಯಿತು, ಅದನ್ನು ಇಲ್ಲಿ ನೇರವಾಗಿಯೇ ಹೇಳುತ್ತೇನೆ.

ಜಾಗವನ್ನು ಇನ್ನೊಮ್ಮೆ ನೋಡಿ ವರದಿ ತಿದ್ದಬೇಕೆಂದು ಅಧ್ಯಕ್ಷರು ಬರೆಸಿದರು. ಮುಂದಿನ ಬುಧವಾರವೇ.

೯

ಇಲ್ಲಿಗೆ ಮುಗಿಸಬಹುದಿತ್ತು. ಅಚ್ಚುಕಟ್ಟಾಗಿ ಕಾಣಲಿ ಎಂದು ಈ ಕಥೆಯ ಬ್ರಾಕೆಟ್ಟುಗಳನ್ನೆಲ್ಲ ತೆಗೆದು, ಸಂಖ್ಯೆಗಳನ್ನು ಸರಿಪಡಿಸಲು ಮಂಗಳವಾರ ಕೂತೆ. ಸೇವಂತಿಗೆಯ ಸುದ್ದಿಯನ್ನೂ ಅಳಿಸೋಣ, ನನ್ನ ಮರ್ಯಾದೆ ಉಳಿಯುತ್ತದೆ ಎಂದುಕೊಂಡೆ. ಎರಡು ಪುಟ ಹಾಗೇ ಹಸನು ಮಾಡಿಯೂ ಬಿಟ್ಟೆ.

ಬುಧವಾರ ಬೆಳಿಗ್ಗೆ ದಂಡೆಗೆ ಹೋದರೆ ಮಂಚಯ್ಯ ಪೊರಕೆ ಹಿಡಿದು ನಿಂತಿದ್ದ.

“ಆಫೀಸರ್ ಬತ್ತಾವ್ರೆ ಕಣಮ್ಮಿ, ಎಮ್ಮೆ ಆಚೆ ಕಟ್ಟು, ಆ ಅಗ್ಗ ಬಿಚ್ಚು,” ಎನ್ನುತ್ತಿದ್ದ.

“ಪೊರ್ಕೆ ಕೆಳಗಿಡು ಮಂಚಯ್ಯ,” ಎಂದಳು ಮರಮ್ಮ. “ಏನೂ ಗುಡುಸ್ಬ್ಯಾಡ. ಇದ್ದಂಗೇ ಇರ್ಲಿ.”

ನಾನು ಅಲ್ಲಿಂದಲೇ ಅಂಗಡಿಯ ಹುಡುಗನಿಗೆ ಫೋನ್ ಮಾಡಿ, ಹಸನು ಮಾಡಿದ ಫೈಲನ್ನು ಡಿಲೀಟ್ ಮಾಡಿಸಿದೆ. ನೀವೀಗ ಓದುತ್ತಿರುವುದು ಗುಡಿಸದೇ ಇರುವ ಪ್ರತಿ.

೧೦ (ಅಥವಾ ೬)

ಏರಿಯ ಮೇಲೆ ಕಾರು ನಿಂತಿತು. ಅನುಶ್ರೀ ಕ್ಯಾಮೆರಾ ಹಿಡಿದು ಇಳಿದಳು. ಎಮ್ಮೆ ಸಗಣಿ ಹಾಕಿತ್ತು, ಹಗ್ಗದ ಮೇಲೆ ಪೂಜಾಳ ಚೂಡಿದಾರ ಒಣಗುತ್ತಿತ್ತು, ಚಪ್ಪರ ಒಂದು ಕಡೆಗೆ ವಾಲಿತ್ತು, ಮಡಿಗಳಲ್ಲಿ ಸಸಿ ಗೇಣುದ್ದ ನಿಂತಿತ್ತು.

“ನಾನ್ ಎಲ್ಲಿ ನಿಂತ್ಕಳ್ಳವ್ವ?” ಎಂದು ಮರಮ್ಮ ಕೇಳಿದಳು.

“ದಿನಾ ಎಲ್ಲಿರ್ತೀರೋ ಅಲ್ಲೇ ಇರಿ ಅಮ್ಮ.”

ಮರಮ್ಮ ಕ್ಯಾನು ಎತ್ತಿಕೊಂಡು ಮಡಿಯ ನಡುವೆ ನಡೆದಳು.

ಆಮೇಲೆ ಸಮಿತಿ ಏನು ತೀರ್ಮಾನಿಸಿತು ಎಂದು ನೀವು ಕೇಳುತ್ತೀರಿ. ನಾನು ಮೂರು ತೀರ್ಮಾನಗಳನ್ನು ಬರೆದಿಟ್ಟುಕೊಂಡೇ ದಂಡೆಗೆ ಹೋಗಿದ್ದೆ, ಒಂದಕ್ಕಿಂತ ಒಂದು ಚೆನ್ನಾಗಿದ್ದವು. ನೋಟ್‌ಬುಕ್ ತೆಗೆದು ಯಾವುದನ್ನು ಹಾಕಲಿ ಎಂದು ನೋಡುತ್ತಿದ್ದಾಗ ಮರಮ್ಮ ಕೂಗಿದಳು.

“ಅಲ್ಲೇನ್ ಬರ್ಕೊಂಡ್ ನಿಂತಿದ್ದೀರಿ ಸ್ವಾಮಣ್ಣ? ಆಗ್ದೇ ಇರೋದ್ನ ಬರೀಬ್ಯಾಡಿ. ಬನ್ನಿ, ಇನ್ನೊಂದ್ ಕ್ಯಾನ್ ಐತೆ, ಇಡ್ಕಳಿ.”

ಹಿಡಿದುಕೊಂಡೆ. ಕ್ಯಾನು ಸೋರುತ್ತಿತ್ತು, ಚಪ್ಪಲಿಯೆಲ್ಲ ಕೆಸರಾಯಿತು. ಅನುಶ್ರೀ ಫೋಟೋ ತೆಗೆದಳು. ಹೊಸ ಚಿತ್ರ ೧೪ರಲ್ಲಿ ಈಗ ನಾನೂ ಇದ್ದೇನೆ. ಅದರ ಕೆಳಗಿನ ವಾಕ್ಯವನ್ನು ಮಾತ್ರ ಇನ್ನೂ ಯಾರೂ ಬರೆದಿಲ್ಲ.