ಮಂಚದಡಿಯ ಆಮೆಗೆ ಬಿಸಿಲು

ಕರ್ ಕರ್ ಕರ್, ಟೈಲ್ಸನ್ನು ಕೆರೆಯುವ ಉಗುರು, ಆಮೇಲೆ ಗುಳುಂ — ಆಮೆ ಮತ್ತೆ ಜಾರಿತು, ಇದು ಮೂರನೇ ಸಲ, ನೀರು ಹಾರಿ ಮಿಗ್ದಾಲಿಯಾಳ ಮೊಣಕಾಲು ಒದ್ದೆ, ಬುದ್ಧಿ ಎಲ್ಲಿ ಮೇಯಲು ಹೋಗಿತ್ತು, ಬಚ್ಚಲುಮನೆಯ ಹೊಳೆಯುವ ಟೈಲ್ಸನ್ನೇ ಆರಿಸಿ ತಂದು ಇಳಿಜಾರಾಗಿ ಇಟ್ಟಿದ್ದಾಳೆ, ನೀಲಿ ಹೂವಿದೆ, ಚೆಂದ ಕಾಣುತ್ತದೆ ಅಂತ, ನೀಲಿ ಹೂವು ಕಟ್ಟಿಕೊಂಡು ಆಮೆಗೇನಾಗಬೇಕು, ಅದಕ್ಕೆ ಬೇಕಾದ್ದು ಕಾಲೂರುವ ಜಾಗ, ಅದೂ ಕಣ್ಣು ಊದಿ ಮುಚ್ಚಿಹೋದ ಆಮೆಗೆ. ಬೆಳಗಿನ ಬಿಸಿಲು ತಾರಸಿಯನ್ನು ಆಗಲೇ ಕಾಯಿಸಿದೆ, ಪಕ್ಕದ ತಾರಸಿಯ ಮೋಟುಗೋಡೆಗೆ ಮೊಣಕೈ ಊರಿ ಮುದುಕ ಎಲಿಯೇಸರ್ ನಿಂತಿದ್ದಾನೆ, ಮತಾನ್ಸಾಸ್ ಊರಿನ ಅರ್ಧ ಮನೆಗಳಿಗೆ ಗಾರೆ ಮೆತ್ತಿದ ಕೈ, ಈಗ ಪಾರಿವಾಳ ಸಾಕುತ್ತಾನೆ, ನೆರೆಯವರ ತಪ್ಪು ಎಣಿಸುತ್ತಾನೆ, ಏನಮ್ಮಾ ಮಿಗ್ದಾಲಿಯಾ, ಆಮೆಗೆ ಜಾರುಬಂಡೆ ಕಟ್ಟಿಸ್ತಿದ್ದೀಯಾ, ತಿರುಗ್ಸಿ ಹಾಕಮ್ಮ ಅದನ್ನ, ಸಿಮೆಂಟು ಹಿಡಿಯೋ ಒರಟು ಕಡೆ ಮೇಲಕ್ಕೆ ಬರ್ಲಿ. ಹೌದಲ್ಲ, ಹಿಂಬದಿ, ಗೀರು ಗೀರಾಗಿ ಕೊರೆದ ಒರಟು ಹಿಂಬದಿ, ಅವಳು ಟೈಲ್ಸನ್ನು ಮಗುಚಿದಳು, ನೀಲಿ ಹೂವು ನೀರಿನ ಕಡೆ ಮುಖ ಮಾಡಿತು, ಮುದುಕನ ಕಡೆ ನೋಡದೆ ಗ್ರಾಸಿಯಾಸ್, ಉಪಕಾರವಾಯಿತು, ಎಂದಳು.

ಕೆಳಗಿನಿಂದ ಅತ್ತೆಯ ತೂಗುಕುರ್ಚಿಯ ಕಿರುಗುಟ್ಟು, ಸೊರೈದಾ ತೂಗುತ್ತಿದ್ದಾಳೆ ಅಂದರೆ ಸಿಟ್ಟು ಹದದಲ್ಲಿದೆ, ಕುರ್ಚಿ ನಿಂತರೆ ಮಾತ್ರ ಹುಷಾರಾಗಿರಬೇಕು, ಮಗ ಹೆಂಡತಿಯನ್ನು ಬಿಟ್ಟು ಸಾಂತಿಯಾಗೋ ಊರಿನ ಹೆಂಗಸಿನ ಹಿಂದೆ ಹೋದ, ಈ ತಾಯಿ ಮಾತ್ರ ಸೊಸೆಯನ್ನು ಬಿಡದೆ ಇಲ್ಲೇ ಕೂತಳು, ಅದಕ್ಕೆ ಕೈಮುಗಿಯಬೇಕೋ ತಲೆ ಚಚ್ಚಿಕೊಳ್ಳಬೇಕೋ ಮಿಗ್ದಾಲಿಯಾಗೆ ಇವತ್ತಿಗೂ ಬಗೆಹರಿದಿಲ್ಲ. ಐದು ವರ್ಷದ ಹಿಂದೆ, ಮಗಳು ಲಿಯಾನೆತ್‌ಗೆ ಆಗ ನಾಲ್ಕು, ವಾರಕ್ಕೆರಡು ಸಲ ಆಸ್ಪತ್ರೆ, ಮಗುವಿನ ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತಿತ್ತು, ಎದೆಯೊಳಗೆ ಬೆಕ್ಕಿನಮರಿ ಅಳುವ ಸದ್ದು, ಸೊರೈದಾ ಜೌಗಿನ ಕಡೆಯ ಅಣ್ಣನ ಮನೆಗೆ ಹೋದವಳು ಒದ್ದೆ ಗೋಣಿಯಲ್ಲಿ ಈ ಆಮೆಯನ್ನು ತಂದಳು, ಮಗುವಿನ ಮಂಚದಡಿ ತಗಡಿನ ಬೋಗುಣಿ, ಅದರಲ್ಲಿ ನಾಲ್ಕು ಬೆರಳು ನೀರು, ಆಮೆ ಉಬ್ಬಸವನ್ನು ಎಳೆದುಕೊಳ್ಳುತ್ತೆ ಕಣೇ, ನನ್ನ ತಮ್ಮನಿಗೂ ಹಿಂಗೇ ವಾಸಿಯಾಗಿದ್ದು, ಎರಡು ಮಾತು ನೆನಪಿಟ್ಕೋ, ಹೆಸರಿಡಬೇಡ, ಬಿಸಿಲು ತೋರಿಸಬೇಡ, ಬಿಸಿಲು ಕಂಡ್ರೆ ಹಿಡಿದಿದ್ದನ್ನೆಲ್ಲ ಬಿಟ್ಬಿಡುತ್ತೆ. ನಂಬಿದ್ದಳೇ ಮಿಗ್ದಾಲಿಯಾ, ಇಲ್ಲ, ಔಷಧಾಲಯದಲ್ಲಿ ಕೆಲಸ ಮಾಡುವವಳು ನಂಬುತ್ತೇನೆ ಅಂದರೆ ಜನ ನಗುತ್ತಾರೆ, ನಂಬಲಿಲ್ಲ, ಆದರೆ ವಾರ ವಾರ ನೀರು ಬದಲಿಸುವಾಗ ಕಿಟಕಿಯ ಮರದ ಪಟ್ಟಿಗಳನ್ನೆಲ್ಲ ಮುಚ್ಚಿ ಬಚ್ಚಲಿನ ಕತ್ತಲಲ್ಲೇ ಬದಲಿಸಿದವಳು ಯಾರು, ಇವಳೇ. ಮಗುವಿಗೆ ಗುಣವಾಗುತ್ತ ಬಂತು, ವಾರಕ್ಕೆರಡು ಸಲ ಇದ್ದದ್ದು ತಿಂಗಳಿಗೊಂದಾಯಿತು, ಕಳೆದ ವರ್ಷವಿಡೀ ಒಂದೇ ಸಲ, ಡಾಕ್ಟರು ಬೆಳೆಯುವ ಮಕ್ಕಳಿಗೆ ಹಾಗೇ ಕಡಿಮೆಯಾಗುತ್ತದೆ ಎಂದರು, ಸೊರೈದಾ ಮಂಚದ ಕಡೆ ಗದ್ದ ಎತ್ತಿ ತೋರಿಸಿದಳು. ಮಿಗ್ದಾಲಿಯಾ ಇಬ್ಬರಿಗೂ ತಲೆಯಾಡಿಸಿದ್ದಳು.

ಟೈಲ್ಸಿಗೆ ಆಸರೆ ಕೊಟ್ಟ ಇಟ್ಟಿಗೆ ಅಲುಗಾಡುತ್ತದೆ, ಇನ್ನೊಂದು ಚೂರು ಕಲ್ಲು ಕೊಡಬೇಕು, ಹಳೆಯ ಸ್ನಾನದ ತೊಟ್ಟಿ ಇದು, ಇಷ್ಟು ದಿನ ಅತ್ತೆಯ ಪುದೀನ ಬೆಳೆಯುತ್ತಿತ್ತು, ಪುದೀನ ಕಿತ್ತದ್ದಕ್ಕೂ ಒಂದು ರಂಪ ಆಗಿದೆ, ಟೈಲ್ಸಿನ ಕೆಳತುದಿ ನೀರಿನೊಳಗೆ ಮುಳುಗಿರಬೇಕು, ಈಜುತ್ತ ಬಂದದ್ದು ಹಾಗೇ ಹತ್ತಬೇಕು, ಮೇಲ್ತುದಿ ಪೂರ್ತಿ ಒಣಗಿರಬೇಕು, ಅರ್ಧಕ್ಕೆ ಬಿಸಿಲು, ಅರ್ಧಕ್ಕೆ ನೆರಳು, ತೊಟ್ಟಿಯ ಒಂದು ಕಡೆ ತಗಡು ಹೊದಿಸಿದ್ದಾಳೆ, ಕಾವು ಹೆಚ್ಚಾದರೆ ಅದರಡಿ ಹೋಗಲಿ. ಹದಿನೈದು ದಿನದ ಹಿಂದೆ ನೀರು ಬದಲಿಸುವಾಗ ಹೆಬ್ಬೆರಳು ಚಿಪ್ಪಿಗೆ ತಗುಲಿತು, ಚಿಪ್ಪು ಒಳಕ್ಕೆ ಹೋಯಿತು, ಬೇಯಿಸಿದ ಮರಗೆಣಸಿನ ಹಾಗೆ ಮೆತ್ತಗೆ, ಕಣ್ಣೆರಡೂ ಬಟಾಣಿ ಗಾತ್ರ ಊದಿವೆ, ಅನ್ನ ಮುಟ್ಟಿಲ್ಲ, ನೋಡ್ದ್ಯಾ, ಅಂತ ಸೊರೈದಾ, ಮಗು ಪಡ್ಬೇಕಾದ ಉಸಿರಿನ ಕಷ್ಟವೆಲ್ಲ ಅದರ ಮೈ ಸೇರಿದೆ, ಸತ್ತರೆ ಸಾಯ್ಲಿ, ಹೂತು ಇನ್ನೊಂದು ತಂದ್ರಾಯ್ತು. ಎಲಿಯೇಸರನಿಗೆ ತೋರಿಸಿದರೆ ಅವನು ಆಮೆಯನ್ನು ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ನೋಡಿದ, ಆಮೇಲೆ, ಕಾಯಿಲೆ ಗೀಯಿಲೆ ಏನೂ ಎಳ್ಕೊಂಡಿಲ್ಲಮ್ಮ ಇದು, ಐದು ವರ್ಷ ಕತ್ತಲಲ್ಲಿ ನೀರಲ್ಲಿ ಕೂರ್ಸಿದ್ದೀರಿ, ನಿನ್ನನ್ನ ಕೂರ್ಸಿದ್ರೆ ನಿನ್ನ ಮೂಳೇನೂ ಕರಗ್ತಿತ್ತು. ಬಾಗಿಲ ಹಿಂದೆ ಲಿಯಾನೆತ್ ನಿಂತಿದ್ದಾಳೆ ಅಂತ ಯಾರಿಗೆ ಗೊತ್ತಿತ್ತು.

ಅಮ್ಮಾ, ಫೆಲಿಪಾ ಸಾಯ್ತಾಳಾ, ಅಂತ ಆ ಸಂಜೆ ಕೇಳಿತು ಹುಡುಗಿ, ಯಾವ ಫೆಲಿಪಾ, ಅಂದರೆ ಮಂಚದ ಕೆಳಗೆ ಕೈ ತೋರಿಸಿತು, ಹೆಸರಿಟ್ಟುಬಿಟ್ಟಿದೆ, ಎಷ್ಟು ವರ್ಷದಿಂದ ಎಂದರೆ ನೆನಪಿಲ್ಲ ಅನ್ನುತ್ತದೆ, ಅಜ್ಜಿಗೆ ಕೇಳಿಸದ ಹಾಗೆ ಮಂಚದಂಚಿಗೆ ತಲೆ ಇಳಿಬಿಟ್ಟು ಅದರ ಜೊತೆ ಮಾತಾಡುತ್ತಿತ್ತಂತೆ. ಮಿಗ್ದಾಲಿಯಾ ಏನೇನೋ ಹೇಳಿದಳು, ನೋಡು ಕಂದ, ಅದನ್ನ ಹೊರಗೆ ತಂದ್ರೆ ನಿಂಗೆ ಮತ್ತೆ, ಅಲ್ಲಿಗೆ ನಾಲಿಗೆ ತಡವರಿಸಿತು, ಹುಡುಗಿ ಸುಮ್ಮನೆ ಕೇಳಿತು, ನನ್ನ ಉಬ್ಬಸ ಅವಳಿಗೆ ಹೋಗಿದ್ರೆ ವಾಪಸ್ ಇಸ್ಕೊಳ್ಳೋಣ ಅಮ್ಮಾ, ನಂಗಾದ್ರೆ ಬಾಯಲ್ಲಿ ಎಳ್ಕೊಳ್ಳೋ ಸ್ಪ್ರೇ ಇದೆ, ಅವಳಿಗೇನಿದೆ? ಮಿಗ್ದಾಲಿಯಾ ಪಾತ್ರೆ ತೊಳೆಯುವ ನೆಪ ಮಾಡಿ ಎದ್ದು ಹೋಗಿ ನಲ್ಲಿಯ ಮುಂದೆ ಅತ್ತಳು, ಒಂಬತ್ತು ವರ್ಷದ ಮಗುವಿಗೆ ಇರುವಷ್ಟು ನ್ಯಾಯ ನನಗಿಲ್ಲವಲ್ಲ ಎಂದು ನಾಚಿಕೆ, ಸ್ಪ್ರೇ ಎಲ್ಲಿದೆ ಮಗಳೇ, ಔಷಧಾಲಯದ ಕಪಾಟಿಗೆ ಅದು ಬಂದು ಎಷ್ಟು ತಿಂಗಳಾಯಿತು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಮನೆಯಲ್ಲಿರುವುದು ಒಂದೇ ಡಬ್ಬಿ, ಅಲುಗಿಸಿದರೆ ಒಳಗೆ ಸ್ವಲ್ಪವೇ ಸದ್ದಾಗುತ್ತದೆ. ಆದರೂ ಇವತ್ತು ಭಾನುವಾರ, ಬೆಳಗೆದ್ದವಳೇ ಬೋಗುಣಿ ಎತ್ತಿಕೊಂಡು ಮೆಟ್ಟಿಲು ಹತ್ತಿಬಿಟ್ಟಳು.

ಆಯಿತು, ಇನ್ನು ಅಲುಗಾಡುವುದಿಲ್ಲ. ಉಗುರು ಒರಟಿಗೆ ಸಿಕ್ಕಿಕೊಂಡಿತು, ಒಂದು ಕಾಲು, ನಿಂತಿತು, ಇನ್ನೊಂದು, ಕುರುಡು ತಲೆ ಎತ್ತಿ ಬೆಳಕನ್ನು ಮೂಸುವಂತೆ, ಬಾರಮ್ಮ, ಬಾ, ಅಂತ ಮೋಟುಗೋಡೆಯಾಚೆಯಿಂದ ಎಲಿಯೇಸರ್ ಪಿಸುಗುಟ್ಟುತ್ತಾನೆ, ಹೊಟ್ಟೆ ಟೈಲ್ಸಿಗೆ ಉಜ್ಜಿಕೊಂಡು ಮೇಲೆ, ಇನ್ನೂ ಮೇಲೆ, ಮೇಲ್ತುದಿ ತಲುಪಿ ಧೊಪ್ಪೆಂದು ಕೂತಿತು, ಹತ್ತಿದ್ಲಾ ಅಮ್ಮಾ, ಹತ್ತಿದ್ಲಾ — ಲಿಯಾನೆತ್ ಎರಡೆರಡು ಮೆಟ್ಟಿಲು ಹಾರಿಕೊಂಡು ಬಂತು, ಬಂದು ತೊಟ್ಟಿಯ ಅಂಚು ಹಿಡಿದು ನಿಂತಿತು, ಕೆಮ್ಮಿತು. ಒಂದು ಕೆಮ್ಮು, ಓಡಿ ಬಂದಿದೆ, ಅಷ್ಟೇ, ಇನ್ನೊಂದು, ಇಟ್ಟಿಗೆಯ ಧೂಳು ಇರಬೇಕು, ಮೂರನೆಯದರ ಬಾಲಕ್ಕೆ ಸಣ್ಣ ಸಿಳ್ಳು, ಮಿಗ್ದಾಲಿಯಾ ಈ ಸಿಳ್ಳನ್ನು ನಿದ್ದೆಯಲ್ಲೂ ಗುರುತಿಸುತ್ತಾಳೆ, ಕೆಳಗೆ ತೂಗುಕುರ್ಚಿ ನಿಂತಿತು. ಒಳಗೆ ತಗೊಂಡು ಬಾರೇ ಅದನ್ನ, ಮೆಟ್ಟಿಲ ಬುಡದಿಂದ ಸೊರೈದಾಳ ಕೂಗು, ಮಗೂನ ಕೊಲ್ತೀಯಾ, ಆ ಕೂಗಿನಲ್ಲಿ ಸಿಟ್ಟಿಲ್ಲ, ಬರೀ ಭಯ, ತನ್ನೊಳಗೂ ಇರುವ ಅದೇ ಭಯ, ಮಿಗ್ದಾಲಿಯಾಳ ಕೈ ಆಗಲೇ ಆಮೆಯ ಮೇಲೆ ಚಾಚಿದೆ, ಎತ್ತಿ ಕತ್ತಲಿಗೆ ಹಾಕಿದರೆ ಮುಗಿಯಿತು, ಹಾಕಿದರೆ ಮುಗಿಯುತ್ತದೆಯೇ, ಮುಗಿಯದಿದ್ದರೆ, ಎತ್ತಬೇಡ ಅಮ್ಮಾ, ಮಗಳು ಎರಡು ಉಸಿರಿನ ನಡುವೆ ಹೇಳುತ್ತದೆ, ಅಮ್ಮಾ, ಸ್ಪ್ರೇ.

ಆಮೆಯನ್ನು ಎತ್ತದೆಯೇ ಕೈ ಹಿಂದೆ ಬಂತು, ಲಂಗದ ಜೇಬಿಗೆ ಹೋಯಿತು, ಬೆಳಗ್ಗೆ ಡಬ್ಬಿ ಜೇಬಿಗೆ ಹಾಕಿಕೊಂಡದ್ದೇ ನೆನಪಿಲ್ಲ, ಅಲುಗಿಸಿದಳು, ಮಗಳ ಬೆನ್ನಿಗೆ ಎಡಗೈ, ಉಸಿರು ಬಿಡು, ಈಗ ಎಳ್ಕೋ, ಹಿಡ್ಕೋ, ಹಿಡ್ಕೋ ಬಂಗಾರ, ಒಂದು, ಎರಡು, ಮೂರು — ಕಣ್ಣು ಎಲ್ಲಿಡಬೇಕೋ ತಿಳಿಯದೆ ಚಿಪ್ಪಿನ ಮೇಲಿಟ್ಟಳು, ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿರುವ ಚಿಪ್ಪು, ನೆತ್ತಿಯಲ್ಲಿ ಒಂದು ಕಡೆ ಹೊಳಪು ಆರಿದೆ, ಗುಂಡಿಯಷ್ಟು ಜಾಗ, ಬೂದುಬಣ್ಣ, ನಾಲ್ಕು, ಐದು, ಅಂಗೈಯಡಿ ಮಗಳ ಬೆನ್ನು ಬಿಗಿದಿದೆ, ಆ ಒಣ ಜಾಗ ಹೆಬ್ಬೆರಳಗಲ ಆಯಿತು, ಆರು, ಬಿಡು ಮೆಲ್ಲಗೆ, ಸಿಳ್ಳು ಇದೆ, ಇನ್ನೂ ಇದೆ, ಇನ್ನೊಂದ್ಸಲ, ಎಳ್ಕೋ, ಒಣ ಜಾಗದ ಅಂಚು ನೀರನ್ನು ಹಿಂದಕ್ಕೆ ತಳ್ಳುತ್ತಿದೆ, ಐದು ವರ್ಷದಲ್ಲಿ ಈ ಮೈ ಒಂದು ಸಲವೂ ಒಣಗಿರಲಿಲ್ಲ, ಹಿಡ್ಕೋ, ಒಂದು, ಎರಡು, ಒಣ ಜಾಗ, ಮಗಳ ಬೆನ್ನು, ಮೂರು, ಅಂಗೈಯಗಲ ಒಣ ಜಾಗ —