ಕಂಡಕ್ಟರ್ ಸಂಭಾಜಿಯ ಸಮುದ್ರದ ಸೂಟಿ

ಸಂಭಾಜಿ ಮನುಷ್ಯರ ಮುಖವನ್ನು ಮೊದಲು ನೋಡುವವನಲ್ಲ, ಕೈಯನ್ನು ನೋಡುವವನು. ಇಪ್ಪತ್ತೆರಡು ವರ್ಷ ಚಿಕ್ಕೋಡಿ ಡಿಪೋದ ಬಸ್ಸುಗಳಲ್ಲಿ ಮೊದಲು ಟಿಕೆಟ್ ಹರಿದು, ಈಗ ಮಶೀನು ಒತ್ತಿ, ಅವನು ತನ್ನದೇ ಆದ ಒಂದು ಹಸ್ತಸಾಮುದ್ರಿಕವನ್ನು ಕಟ್ಟಿಕೊಂಡಿದ್ದಾನೆ: ಕೇಳುವ ಮೊದಲೇ ಕಿಸೆಗೆ ಇಳಿಯುವ ಕೈ ಪ್ರಾಮಾಣಿಕವಾದದ್ದು, ಕೇಳಿದ ಮೇಲೆ ಕಿಟಕಿಯ ಸರಳನ್ನು ಹಿಡಿಯುವ ಕೈ ಸಂಶಯಾಸ್ಪದವಾದದ್ದು, ಕೇಳದಿದ್ದರೂ ಎದ್ದು ನಮಸ್ಕರಿಸುವ ಕೈಯಂತೂ ಮುಂದಿನ ಸ್ಟಾಪಿನಲ್ಲಿ ಇಳಿದು ಹೊಲದಲ್ಲಿ ಮರೆಯಾಗುವಂಥದು. ನಾನು ಆರು ವರ್ಷ ಚಿಕ್ಕೋಡಿಯಿಂದ ರಾಯಬಾಗದ ಕಾಲೇಜಿಗೆ ಅವನ ಬಸ್ಸಿನಲ್ಲೇ ಪಾಠ ಹೇಳಲು ಹೋಗಿಬಂದವನು. ಆದರೂ ತಿಂಗಳ ಮೊದಲ ದಿನ ನನ್ನ ಪಾಸನ್ನು ಇಸಿದುಕೊಂಡು, ಮುಂಬದಿ ಓದಿ, ಮಗುಚಿ ಹಿಂಬದಿಯನ್ನೂ ಓದಿಯೇ ಮರಳಿ ಕೊಡುತ್ತಿದ್ದ. "ನೀವು ಸುಳ್ಳ ಹೇಳವರಲ್ರಿ ಸರ. ಖರೆ ಐತಿ. ಆದ್ರೂ ತೋರಸ್ರಿ" ಎನ್ನುವುದು ಅವನ ಮಾತಿನ ಪಲ್ಲವಿ.

ಆಳು ಎತ್ತರದವನಲ್ಲ. ಹನ್ನೆರಡು ತಿಂಗಳೂ ಖಾಕಿ ಅಂಗಿಯ ಮೇಲೊಂದು ಕಂದು ಬಣ್ಣದ ತೋಳಿಲ್ಲದ ಸ್ವೆಟರು, ಅದರ ಒಳಮೈಗೆ ತಾನೇ ಹೊಲಿದುಕೊಂಡ ಕಿಸೆ, ಆ ಕಿಸೆಯ ಬಾಯಿಗೆ ಎರಡು ಸೇಫ್ಟಿ ಪಿನ್ನು. ನಡಿಗೆಯೋ, ಗಟ್ಟಿ ನೆಲದ ಮೇಲೂ ಓಡುವ ಬಸ್ಸಿನೊಳಗೆ ನಡೆವಂತೆ ಕಾಲು ಅಗಲಿಸಿ, ಒಂದು ಮಗ್ಗುಲಿಗೆ ಮೈಯಿಟ್ಟು. ಪೇಟೆಯ ನಡುವೆ ದೂರದಿಂದ ಕಂಡರೂ, ಎಲ್ಲೋ ಒಂದು ತಿರುವು ಬರಲಿದೆ, ಅದು ಇವನಿಗೆ ಮಾತ್ರ ಗೊತ್ತು ಎನ್ನಿಸುತ್ತದೆ.

ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವನ ಸಂಶಯಕ್ಕೆ ಹೊಸ ಸುಗ್ಗಿ ಬಂತು. ನಮ್ಮ ಸೀಮೆ ನಿಮಗೆ ಗೊತ್ತಲ್ಲ. ಹೊಳೆಯ ಈಚೆ ದಡದ ಅಕ್ಕನ ಮಾತಿಗೂ ಆಚೆ ದಡದ ತಂಗಿಯ ಮಾತಿಗೂ ಕೂದಲೆಳೆಯ ಅಂತರವಿಲ್ಲ. ಸೀರೆಯ ಕಚ್ಚೆ ಒಂದೇ, ಕುಂಕುಮ ಒಂದೇ, ಆದರೆ ಪುಕ್ಕಟೆ ಟಿಕೆಟ್ಟು ಕರ್ನಾಟಕದ ವಿಳಾಸವಿದ್ದವರಿಗೆ ಮಾತ್ರ. "ಹುಟ್ಟಿದ್ದು ಸದಲಗಾದಾಗ್ರೀ, ಕೊಟ್ಟಿದ್ದಷ್ಟ ಆಚೀಕಡೆ" ಎಂದು ಯಾವಳೋ ಮುದುಕಿ ತವರಿನ ಕಥೆ ತೆಗೆದರೆ ಸಂಭಾಜಿ ಪೂರ್ತಿ ಕೇಳುವನು, ತಲೆದೂಗುವನು, ಕಣ್ಣನ್ನೂ ಒದ್ದೆ ಮಾಡಿಕೊಂಡಾನು, ಕೊನೆಗೆ, "ಖರೆ ಐತಿ ಆಯೀ. ಆದ್ರ ಕಾರ್ಡಿನ್ಯಾಗ ಯಾವ ಊರು ಐತಿ, ಅದ ನಿಮ್ಮೂರು" ಎಂದು ರೊಕ್ಕ ತೆಗೆಸುವನು. ಈ ವಾಕ್ಯವನ್ನು ನಾನು ದಿನಕ್ಕೆ ನಾಲ್ಕು ಸಲವಾದರೂ ಕೇಳಿದ್ದೇನೆ. ಡ್ರೈವರ್ ಸೀಟಿನ ಹಿಂದೆ ಚೀಲ ತಬ್ಬಿಕೊಂಡು ಕೂತು ನಿತ್ಯ ಶಾಲೆಗೆ ಹೋಗುತ್ತಿದ್ದ ಅವನ ಮಗಳು ಸಪನಾ ಕೂಡ ಅಷ್ಟೇ ಸಲ ಕೇಳಿರಬೇಕು.

ಮಗಳ ವಿಷಯ ಹೇಳಬೇಕು. ಸಂಭಾಜಿಯ ಹೆಂಡತಿ ನಾಲ್ಕು ವರ್ಷದ ಕೆಳಗೆ ಕಾಮಾಲೆಯಿಂದ ತೀರಿಕೊಂಡಾಗ ಹುಡುಗಿಗೆ ಏಳು ವರ್ಷ. ನಸುಕಿಗೆ ಎದ್ದು ಡ್ಯೂಟಿಗೆ ಹೋಗುವವನ ಮನೆಯಲ್ಲಿ ಆ ಕೂಸಿಗೆ ಹೆರಳು ಹಾಕುವವರು ಯಾರು? ಗಡಿಯಾಚೆ ಕಾಗಲ ಸೀಮೆಯ ಹಳ್ಳಿಯಿಂದ ಅತ್ತೆ ಸೀತವ್ವ, ಹುಡುಗಿಯ ಆಯಿ, ಬಂದು ಮೊಮ್ಮಗಳನ್ನು ಕರೆದುಕೊಂಡು ಹೋದಳು. ಮೂರು ವರ್ಷ ಅಲ್ಲೇ ಬೆಳೆದು, ಮರಾಠಿಯಲ್ಲೇ ಮಗ್ಗಿ ಕಲಿತು, ಕಳೆದ ಜೂನಿನಲ್ಲಷ್ಟೇ ಹುಡುಗಿ ಕರೋಶಿಯ ಅಪ್ಪನ ಮನೆಗೆ ಬಂದಿದ್ದಳು. ರಾಯಬಾಗದಲ್ಲಿ ಸಿಸ್ಟರ್‌ಗಳು ನಡೆಸುವ ಶಾಲೆಗೆ ಹೆಸರು ಹಚ್ಚಿದ್ದಾಯಿತು. ಹೆರಳು ಹಾಕುವುದನ್ನು ಸಂಭಾಜಿ ಡಿಪೋದ ಹೆಣ್ಣು ಕಂಡಕ್ಟರೊಬ್ಬಳಿಂದ ಬಸ್ಸಿನ ಹಗ್ಗವನ್ನು ಜಡೆಯಂತೆ ಹೆಣೆದು ಕಲಿತ. ಆದರೆ ಪ್ರತಿ ಭಾನುವಾರ ಸೀತವ್ವನ ಫೋನು ಬರುತ್ತಿತ್ತು, ಹುಡುಗಿ ಹಿತ್ತಿಲಿಗೆ ಹೋಗಿ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದಳು, ಸಂಭಾಜಿ ಒಳಗೆ ಕೂತು ಕಿವಿಯನ್ನು ಹಿತ್ತಿಲಿಗಿಟ್ಟು ಸ್ವೆಟರಿನ ಪಿನ್ನು ತೆಗೆದು ಹಾಕಿ ಮಾಡುತ್ತಿದ್ದ. ಮುದುಕಿ ಹುಡುಗಿಯನ್ನು ಮರಳಿ ಒಯ್ಯುತ್ತಾಳೆ ಎನ್ನುವುದು ಅವನ ಸಂಶಯಗಳಲ್ಲೆಲ್ಲ ದೊಡ್ಡದು. ಉಳಿದವುಗಳನ್ನು ಎಲ್ಲರೆದುರು ಆಡುತ್ತಿದ್ದ, ಇದೊಂದನ್ನು ಯಾರಿಗೂ ಹೇಳದೆ ನನಗೆ ಮಾತ್ರ ಹೇಳಿದ್ದ.

ಸಿಸ್ಟರ್‌ಗಳ ಶಾಲೆಯಲ್ಲಿ ದಸರೆಯ ರಜೆ ಮೊಟಕು ಮಾಡಿ ಕ್ರಿಸ್‌ಮಸ್ಸಿಗೆ ಹತ್ತು ದಿನ ಕೊಡುತ್ತಾರೆ. ನವೆಂಬರಿನಲ್ಲೇ ಸೀತವ್ವ, "ಪೋರಿನ್ನ ಸೂಟಿಗೆ ಕಳಸು" ಎಂದಳು. ಸಂಭಾಜಿಯ ಬಾಯಿಯಿಂದ, ಮುಂಚೆ ಯೋಚಿಸದ ಒಂದು ಮಾತು ಬಂತು: "ಆಗೂದಿಲ್ರಿ, ನಾವು ಸಮುದ್ರಕ್ಕ ಹೊಂಟೀವಿ." ಅವನು ಜನ್ಮದಲ್ಲಿ ಸಮುದ್ರ ಕಂಡವನಲ್ಲ. ಆದರೆ ಆಡಿದ್ದಾಗಿತ್ತು, ಹುಡುಗಿ ಕೇಳಿಸಿಕೊಂಡೂ ಇದ್ದಳು. ಈ ರಜೆಯಲ್ಲಿ ಮಗಳು ನಕ್ಕರೆ ಅವಳು ತನ್ನವಳಾಗಿ ಉಳಿಯುತ್ತಾಳೆ, ಇಲ್ಲವಾದರೆ ಮೇ ತಿಂಗಳಲ್ಲಿ ಮುದುಕಿಯ ಕೈಹಿಡಿದು ಹೊರಡುತ್ತಾಳೆ ಎಂದು ಅವನು ಮನಸ್ಸಿನಲ್ಲಿ ಗೆರೆ ಎಳೆದುಕೊಂಡ.

ಅಲ್ಲಿಂದ ಒಂದು ತಿಂಗಳು ನಮ್ಮ ಬಸ್ಸಿನಲ್ಲಿ ಸಮುದ್ರದ್ದೇ ವಿಚಾರಣೆ. ಕಾರವಾರವೇ ಸೈ ಎಂದು ಅವನ ತೀರ್ಮಾನ: ತನಗೆ ನೌಕರರ ಪಾಸು, ಮಗಳಿಗೆ ಪುಕ್ಕಟೆ, ರೊಟ್ಟಿ ಶೇಂಗಾಚಟ್ನಿ ಮನೆಯಿಂದ, ಖರ್ಚೆಂದರೆ ಎರಡು ರಾತ್ರಿಯ ಲಾಡ್ಜು. ಸಪನಾ ಫೋನಿನಲ್ಲಿ ಒಂದು ಲಾಡ್ಜು ಹುಡುಕಿದಳು; ಕಿಟಕಿಯ ತುಂಬ ನೀಲಿ ನೀರು. ಸಂಭಾಜಿ ಅದನ್ನು ಹತ್ತಿರ ಹಿಡಿದು, ದೂರ ಹಿಡಿದು, "ಫೋಟೋ ತಗದಾವ ಎಲ್ಲಿ ನಿಂತಿದ್ದಂತ ಕೇಳು ಮೊದಲ" ಎಂದ. ಆಮೇಲೆ ಆ ಲಾಡ್ಜಿಗೆ ಒಮ್ಮೆ ತಾನೇ, ಒಮ್ಮೆ ಗುತ್ತಿಗೆದಾರನಾಗಿ ದನಿ ದಪ್ಪ ಮಾಡಿ, ಒಮ್ಮೆ ನನ್ನ ಕೈಯಲ್ಲಿ ಇಂಗ್ಲಿಷಿನಲ್ಲಿ ಫೋನು ಮಾಡಿಸಿದ. ಮೂರು ಸಲವೂ ಮಾಲೀಕ ಒಂದೇ ದರ ಹೇಳಿದ.

"ಚಲೋನ ಆತಲ್ಲ" ಎಂದೆ.

"ಅದ ಅನುಮಾನ್ರಿ ಸರ. ಮೂರೂ ಮಂದಿಗೆ ಒಂದ ದರ ಹೇಳ್ತಾನ ಅಂದ್ರ ಗಂಟಲಪಾಠ ಮಾಡ್ಯಾನ ಮಗಾ."

ಫೋನಿನಲ್ಲೇ ಮುಂಗಡ ಕಳಿಸಿ ಎಂದಾಗಲಂತೂ ಸ್ವೆಟರಿನ ಮೇಲೆ ಕೈ ಹೋಯಿತು. ಕೊನೆಗೆ ಅವನು ಕಂಡಕ್ಟರುಗಳಿಗೆ ಮಾತ್ರ ತಿಳಿದ ಉಪಾಯ ಮಾಡಿದ. ಬೆಳಗಾವಿಗೆ ವರ್ಗವಾಗಿದ್ದ ಹಳೆಯ ಜೊತೆಗಾರ ಸಮಾಧಾನನಿಗೆ ಕಾರವಾರದ ಗಾಡಿಯ ಮೇಲೆ ಡ್ಯೂಟಿ. ರಾತ್ರಿ ಅಲ್ಲೇ ವಸ್ತಿ. ಅವನನ್ನು ಲಾಡ್ಜಿನ ತಪಾಸಣೆಗೆ ಅಟ್ಟಿದ. ಎರಡನೆಯ ದಿನ ಸಮಾಧಾನನ ವರದಿ ಬಂದಾಗ ಸಂಭಾಜಿ ಫೋನಿನ ದನಿಯನ್ನು ಹೊರಗೆ ಹಾಕಿದ್ದರಿಂದ ಇಡೀ ಬಸ್ಸೇ ಕೇಳಿತು:

"ಸಂಬ್ಯಾ, ನಳದಾಗ ನೀರ ಬರ್ತಾವು. ಚಿಲಕ ಗಟ್ಟಿ ಐತಿ. ಕಾಟಿನ ಮ್ಯಾಲ ಹೊಳ್ಳಾಡಿ ನೋಡೀನಿ, ತಗಣಿ ಇಲ್ಲ. ಮಾಲಕ ನನ್ನ ಹುಚ್ಚಂತ ತಿಳ್ಕೊಂಡಾನ."

"ಸಮುದ್ರ ಕಾಣತೈತೇನಲೇ?"

"ಗಚ್ಚಿ ಮ್ಯಾಲ ಹೋಗಿ ಎಡಕ್ಕ ಬಗ್ಗಿದ್ರ ಕಾಣತೈತಿ. ಭಾಳ ಬಗ್ಗಬ್ಯಾಡ, ಕಟ್ಟೆ ಗಿಡ್ಡ ಐತಿ."

ಎಲ್ಲ ನೆಟ್ಟಗಾಯಿತು ಎನ್ನುವಾಗ ಹುಡುಗಿ ತಕರಾರು ತೆಗೆದಳು. ಕಾರವಾರ ಬೇಡ, ಮಾಲವಣದ ಸಮುದ್ರ ಆಗಲಿ. ಯಾಕೆಂದರೆ ಹೇಳಳು. ಮಾಲವಣ ನಿಪ್ಪಾಣಿಯಿಂದ ಹತ್ತಿರವೇನೋ ಹೌದು. ಆದರೆ ಮಹಾರಾಷ್ಟ್ರದ ಗಾಡಿ, ಅಪ್ಪನ ಪಾಸು ನಡೆಯದು, ಮಗಳಿಗೂ ಟಿಕೆಟ್ಟು. ಲೆಕ್ಕ ಹೇಳಿದರೂ ಒಪ್ಪಳು. "ಕ್ರಿಸ್‌ಮಸ್ಸಿನ ಗೋದಲಿ ಕಾರವಾರದಾಗೂ ಇರ್ತಾವು, ಚರ್ಚಿಗೆ ದೀಪಾ ಅಲ್ಲೂ ಹಚ್ಚತಾರ" ಎಂದರೆ, "ರೈಲಿಲೆ ಹೋಗೂಣು ಹಂಗಾರ" ಎಂದಳು. ಮತ್ತೊಂದು ದಿನ, "ದೂರಿನ ಬಸ್ಸಿನ್ಯಾಗ ಎಲ್ಲಾರ್ನೂ ಕೇಳ್ತಾರೇನಪಾ?" ಎಂದಳು. ಚೀಲದಲ್ಲೊಂದು ಪ್ಲಾಸ್ಟಿಕ್ ಲಕೋಟೆ. ಅಪ್ಪ ಬಂದರೆ ಪುಸ್ತಕದ ಅಡಿಗೆ ಸರಿಯುತ್ತಿತ್ತು.

ಸಂಭಾಜಿಗೆ ಇಷ್ಟು ಸಾಕಾಯಿತು. "ಮುದುಕಿ ಕಲಿಸಿಕೊಟ್ಟಾಳ್ರಿ ಸರ" ಎಂದು ನನ್ನ ಪಕ್ಕದಲ್ಲಿ ಕುಸಿದು ಕೂತ. "ಮಾಲವಣದ ದಾರಿಗೆ ಆಕೀ ಬೀಗರು ಅದಾರ. ನಡುವ ಇಳಿಸ್ಕೊಂಡ್ರ ನಾ ಏನ್ ಮಾಡ್ಲಿ?" ನಾನು ಸಮಜಾಯಿಷಿ ಹೇಳಿದೆನಾದರೂ, ನಿಜ ಹೇಳಬೇಕೆಂದರೆ ಆ ಲಕೋಟೆ ನನ್ನಲ್ಲೂ ಗುಮಾನಿ ಹುಟ್ಟಿಸಿತ್ತು. ಸಂಶಯ ಅಂಟುಜಾಡ್ಯ, ಅವನ ಬಸ್ಸಿನಲ್ಲಿ ಆರು ವರ್ಷ ಕೂತವನು ನಾನು.

ಅಪ್ಪನ ಹಟವೇ ಗೆದ್ದಿತು. ಡಿಸೆಂಬರ್ ಇಪ್ಪತ್ನಾಲ್ಕರ ಬೆಳಿಗ್ಗೆ ಚಿಕ್ಕೋಡಿಯಲ್ಲಿ ಬೆಳಗಾವಿಯ ಬಸ್ಸು ಹತ್ತಿದಾಗ, ಕಣ್ಣಿನ ಡಾಕ್ಟರನ್ನು ಕಾಣಲು ಹೊರಟಿದ್ದ ನಾನೂ ಅದರಲ್ಲೇ ಇದ್ದೆ. ಖಾಕಿ ಇಲ್ಲದ ಸಂಭಾಜಿ ಬಿಳಿ ಅಂಗಿಯ ಮೇಲೆ ಅದೇ ಸ್ವೆಟರು ಹಾಕಿ, ಮಗಳನ್ನು ಕಿಟಕಿಗೆ ಕೂರಿಸಿ, ರೊಟ್ಟಿಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಬೇರೆ ಡಿಪೋದ ಗಾಡಿ. ಕಂಡಕ್ಟರ್ ನಲವತ್ತರ ಹೆಣ್ಣುಮಗಳು, ಇವರ ಗುರುತಿಲ್ಲ. ಆಕೆ ಮುಂದಿನ ಸಾಲಿನ ಮುದುಕಿಯೊಬ್ಬಳ ಕಾರ್ಡನ್ನು ಕಣ್ಣಿಗೆ ಹಿಡಿದು ಓದಿದ್ದು ಕಂಡು ಸಂಭಾಜಿ ನನ್ನತ್ತ ಬಾಗಿ, "ಹಿಂಗಿರಬೇಕ್ರಿ ಸರ ಡ್ಯೂಟಿ" ಎಂದ. ಮರುಗಳಿಗೆ ಆಕೆ ಸಪನಾಳ ಮುಂದೆ ಕೈಚಾಚಿದಳು.

"ಆಧಾರ ತೋರಸ್ ತಂಗಿ."

ಹುಡುಗಿ ಚೀಲವನ್ನು ಎದೆಗೊತ್ತಿಕೊಂಡಳು. "ನನಗ ಅರ್ಧ ಟಿಕೆಟ್ ಕೊಡ್ರಿ. ನನ್ನ ಹಂತೇಕ ರೊಕ್ಕ ಅದಾವು."

"ರೊಕ್ಕ ಯಾಕ ಬೇ? ಕಾರ್ಡ್ ಕೊಡು, ಅಕ್ಕಾರು ಕೇಳಾಕತ್ತಾರ" ಎಂದ ಸಂಭಾಜಿ. ಅವಳು ಕೊಡಲಿಲ್ಲ. ಆಗ ಅವನ ಮುಖದಲ್ಲಿ, ಬಸ್ಸಿನಲ್ಲಿ ನಾನು ಸಾವಿರ ಸಲ ಕಂಡ ಆ ಚೂಪು ಮೂಡಿತು. ಅವನೂ ಕೈಚಾಚಿದ. ಹುಡುಗಿ ಲಕೋಟೆ ತೆಗೆದು ಅಪ್ಪನ ಕೈಗೇ ಇಟ್ಟಳು.

ಅವನು ಓದಿದ, ಮಗುಚಿ ಹಿಂಬದಿಯನ್ನೂ ಓದಿದ. ಮರಾಠಿ ಅಕ್ಷರದಲ್ಲಿ ಸೀತವ್ವನ ಊರು, ಸೀತವ್ವನ ಮನೆಯ ನಂಬರು. ಕಂಡಕ್ಟರ್ ಬಗ್ಗಿ ನೋಡಿ, "ಇದು ಮಹಾರಾಷ್ಟ್ರದ್ದೈತಲ್ರೀ" ಎಂದಳು.

"ಯಾವಾಗ ಮಾಡಸಿದ್ದು?" ಎಂದ ಸಂಭಾಜಿ.

"ಅಲ್ಲಿ ಸಾಳಿಗೆ ಹಚ್ಚುವಾಗ."

"ನನಗ ಹೇಳಲಿಲ್ಲ."

"ನೀ ಕೇಳಲೇ ಇಲ್ಲ." ಹುಡುಗಿ ಕಿಟಕಿಯ ಕಡೆಗೆ ತಿರುಗಿದಳು. "ಎಲ್ಲಾರ್ನೂ ಕೇಳ್ತಿ. ನನ್ನ ಒಂದ ದಿನಾನೂ ಕೇಳಲಿಲ್ಲ. ನೋಡಿದ್ರ ಕಳಸ್ತಿ ಅಂತ ನಾನೂ ತೋರಸಲಿಲ್ಲ."

"ಎಲ್ಲಿಗೆ ಕಳಸ್ತೀನಿ?"

"ಆಯೀ ಊರಿಗೆ. ಕಾರ್ಡಿನ್ಯಾಗ ಇದ್ದದ್ದ ನಿಮ್ಮೂರು ಅಂತ ನೀನ ಅಂತಿಯಲ್ಲ."

ಸಂಭಾಜಿಯ ಮಗಳೆಂದು ಡಿಪೋದವರು ಯಾರೂ ಅವಳ ಕಾರ್ಡು ಕೇಳಿರಲಿಲ್ಲ; ಸಂಭಾಜಿ ತನ್ನ ಮಗಳೆಂದು ಕೇಳಿರಲಿಲ್ಲ. ಏಳು ತಿಂಗಳು ದಿನಾ ಬೆಳಿಗ್ಗೆ ಅವನೇ ತನ್ನ ಕೈಯಾರೆ ಅವಳಿಗೆ ಪುಕ್ಕಟೆ ಟಿಕೆಟ್ಟು ಒತ್ತಿ ಕೊಟ್ಟಿದ್ದ. ಅವನು ಸಿಬ್ಬಂದಿಯವನೆಂದು ನಾನು ಹೇಳಿದಾಗ ಆ ಹೆಣ್ಣುಮಗಳು, "ನಮ್ಮವರ ಅಂತ ಮೊದಲ ಹೇಳಬಾರದೇನ್ರಿ? ಬಿಡ್ರಿ, ಕೂಸು ಐತಿ" ಎಂದಳು.

"ಬ್ಯಾಡ್ರಿ ಅಕ್ಕಾರ. ಬೆಳಗಾವಿಗೆ ಒಂದ ಅರ್ಧ ಕೊಡ್ರಿ" ಎಂದು ಸಂಭಾಜಿ ಪಿನ್ನು ಬಿಚ್ಚಿದ.

ಸಂಕೇಶ್ವರ ದಾಟುವವರೆಗೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿತ್ತು. ಆಮೇಲೆ ಅವನು, ಟಿಕೆಟ್ಟು ಕೇಳುವ ದನಿಯಲ್ಲದ ಒಂದು ದನಿಯಲ್ಲಿ, "ಯವ್ವಾ, ಸೂಟಿ ಮುಗದ ಮ್ಯಾಲ ಕಾರ್ಡ್ ಬದಲಿ ಮಾಡಸೂಣು. ಯಾವ ಊರು ಬರಸೂಣು?" ಎಂದ.

ಅವಳು ಬಹಳ ಹೊತ್ತು ಯೋಚಿಸಿದಳು. ಆ ಹೊತ್ತು ಅವನು ರೊಟ್ಟಿಯ ಗಂಟನ್ನು ಹಿಡಿದುಕೊಂಡಿದ್ದ ರೀತಿ ನೋಡಲಾಗದೆ ನಾನು ಹೊರಗೆ ನೋಡಿದೆ.

"ಕರೋಶಿ" ಎಂದಳು. "ಖರೆ, ದೀಪಾವಳಿಗೆ ನನ್ನ ಆಯೀ ಕಡೆ ಕಳಸಬೇಕು."

"ಕಳಸ್ತೀನಿ" ಎಂದ. ಎಷ್ಟು ದಿನಕ್ಕೆ, ಯಾರ ಜೊತೆ, ಯಾವ ಬಸ್ಸಿಗೆ ಮರಳುತ್ತಿ ಎಂದು ಕೇಳಲಿಲ್ಲ.

ಜನವರಿ ಎರಡಕ್ಕೆ ಡ್ಯೂಟಿಗೆ ಬಂದವನು, ಏಳು ತಿಂಗಳ ತಪ್ಪನ್ನು ಡಿಪೋದಲ್ಲಿ ಬರೆದುಕೊಟ್ಟು, ದಂಡ ಕಟ್ಟಿ, ಜೊತೆಗಾರರಿಂದ ಹುಚ್ಚನೆನಿಸಿಕೊಂಡೇ ಬಸ್ಸು ಹತ್ತಿದ. ಸಮುದ್ರ ಹೇಗಿತ್ತೆಂದು ಕೇಳಿದೆ. "ದೊಡ್ಡದೈತ್ರಿ. ನೀರು ಉಪ್ಪು ಅಂತ ಎಲ್ಲಾರೂ ಹೇಳಿದ್ರು. ಆದ್ರೂ ನೆಕ್ಕಿ ನೋಡಿದೆ" ಎಂದ. ಹಿಂದಿನಿಂದ ಸಪನಾ, "ಮೂರು ಕಡೆ ನೆಕ್ಕಿದಾನ್ರಿ ಸರ" ಎಂದು ಸೇರಿಸಿದಳು. ಚರ್ಚಿನ ಗೋದಲಿಯ ಎದುರು ಅಪ್ಪ ಅರ್ಧ ತಾಸು ನಿಂತು, ಅದರೊಳಗೆ ಹುಲ್ಲಿನ ಮೇಲೆ ಮಲಗಿಸಿದ್ದ ಕೂಸನ್ನು ಸುತ್ತಿಕೊಂಡು ನಿಂತ ದೊಡ್ಡವರ ಬೊಂಬೆಗಳನ್ನು ಒಂದೊಂದಾಗಿ ದಿಟ್ಟಿಸಿದನೆಂದೂ, ಆಮೇಲೆ ದೀಪ ಆರಿಸುವವರೆಗೆ ತನ್ನ ಕೈ ಬಿಡಲಿಲ್ಲವೆಂದೂ ಅವಳೇ ಹೇಳಿದಳು.

ಸಂಶಯದ ಜನರನ್ನು ನಾವು ಯಾರನ್ನೂ ನಂಬದವರೆಂದು ಬಗೆಯುತ್ತೇವೆ. ಹಾಗಲ್ಲವೆಂದು ಈಗ ನನಗೆ ತೋರುತ್ತದೆ. ಲೋಕವನ್ನೆಲ್ಲ ತಡೆದು ನಿಲ್ಲಿಸಿ ವಿಚಾರಿಸುವ ಈ ಜನ, ಒಂದೆರಡು ಜೀವಗಳನ್ನು ಮಾತ್ರ ವಿಚಾರಣೆಯ ಆಚೆ ಕೂರಿಸಿರುತ್ತಾರೆ, ಅವರನ್ನು ಏನೂ ಕೇಳದಿರುವುದೇ ತಮ್ಮ ಪ್ರೀತಿಯೆಂದು ನಂಬಿರುತ್ತಾರೆ. ಆದರೆ ಹಾಗೆ ಕೂತವರಿಗೆ ಅದು ಪ್ರೀತಿಯೆಂದು ಗೊತ್ತಾಗುವ ದಾರಿ ಯಾವುದು? ಅವರು ಚೀಲ ತಬ್ಬಿಕೊಂಡು, ತಮ್ಮನ್ನೂ ಯಾರಾದರೂ ಒಂದು ಮಾತು ಕೇಳಲೆಂದು ಕಾಯುತ್ತಿರುತ್ತಾರೆ. ಆ ಪ್ರಶ್ನೆ ಬರುವ ತನಕ ತಾವು ಯಾವ ಊರಿನವರೆಂಬುದು ಅವರಿಗೂ ತಿಳಿದಿರುವುದಿಲ್ಲ.