ಮಾಟಗಾತಿಗೆ ಬರೆದ ಕಣ್ಣು

ಕಾರ್ಟೂನ್ ತಯಾರಿಸುವ ಸ್ಟುಡಿಯೋಗಳಲ್ಲಿ ಈ ಸಂಗತಿಯನ್ನು ಹಲವರು ಹಲವು ಬಗೆಯಲ್ಲಿ ಹೇಳುತ್ತಾರೆ. ಮಾಟಗಾತಿಯ ಕಣ್ಣು ಪರದೆಯ ಮೇಲೆ ನಿಂತದ್ದು ಒಂಬತ್ತು ಸೆಕೆಂಡು ಎನ್ನುವವರಿದ್ದಾರೆ, ಹದಿನೈದಕ್ಕೆ ಎಳೆಯುವವರೂ ಇದ್ದಾರೆ. ಅದನ್ನು ಬರೆದವಳ ಪಕ್ಕದ ಮೇಜಿನಲ್ಲಿ ಬಣ್ಣ ತುಂಬುತ್ತಿದ್ದವನ ಪ್ರಕಾರ ಹನ್ನೊಂದು; ಅದನ್ನೇ ನಂಬೋಣ.

ಅಂಥದ್ದೊಂದು ಸ್ಟುಡಿಯೋದಲ್ಲಿ ಒಬ್ಬಳಿದ್ದಳು. ಕಣ್ಣು ಬರೆಯುವುದೊಂದೇ ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲಿ ಕಣ್ಣಕ್ಕ. ಕಥೆಯಲ್ಲಿ ಎದೆ ನಡುಗಿಸುವ ಗಳಿಗೆ ಬಂದಾಗ ಪರದೆಯ ತುಂಬ ಎರಡು ಕಣ್ಣು ಬಂದು ನಿಲ್ಲುತ್ತವಲ್ಲ, ಅದು ಅವಳ ಕೈಚಳಕ. ಕೈಕಾಲು ಬರೆಯಲು ವೇಳೆ ಸಾಲದಿದ್ದಾಗಲೂ ಕಣ್ಣೇ ಗತಿ ಎಂಬುದು ಒಳಗಿನವರಿಗಷ್ಟೇ ಗೊತ್ತು. ಬಾಯಿ ಆಡಿಸಬೇಕಿಲ್ಲ, ಮೈ ಓಡಿಸಬೇಕಿಲ್ಲ. ಪಾಪೆಯ ಮೇಲಿನ ಬಿಳಿ ಚುಕ್ಕೆ ನಡುಗಿದರೆ ಸಾಕು.

ಆ ವಾರವೂ ಹಾಗೇ ಆಯಿತು. "ಮಾಟಗಾತಿ ಕೋಟೆಯಿಂದ ಓಡಿ ಬರೋದು ಮುಗಿಯೋ ಹಾಗೆ ಕಾಣಲ್ಲ. ಕಣ್ಣು ಹಾಕಿಬಿಡು. ಸಿಟ್ಟು ಉರೀತಾ ಇರ್ಬೇಕು," ಎಂದ ನಿರ್ದೇಶಕ. "ಹನ್ನೊಂದು ಸೆಕೆಂಡು."

"ಅಷ್ಟು ಹೊತ್ತು ಸಿಟ್ಟು ಮಾಡ್ಕೊಂಡ್ರೆ ಅವಳಿಗೇ ತಲೆನೋವು ಬರುತ್ತೆ," ಎಂದ ಬಣ್ಣದವನು.

ಕಣ್ಣಕ್ಕ ಮೇಜಿನ ಕನ್ನಡಿಯಲ್ಲಿ ತನ್ನ ಕಣ್ಣನ್ನೇ ಕೆಂಪಗೆ ಮಾಡಿ ನೋಡಿದಳು. ನಿದ್ದೆಗೆಟ್ಟವಳು ಕಂಡಳೇ ಹೊರತು ಮಾಟಗಾತಿ ಕಾಣಲಿಲ್ಲ. ಆಗ ನೆನಪಾದದ್ದು ಅತ್ತೆ. ಎರಡು ವರ್ಷದ ಹಿಂದೆ, ಹೆರಿಗೆಯ ನಂತರ ಮೊದಲ ಸಲ ಕೆಲಸಕ್ಕೆ ಹೊರಟ ದಿನ ಮಗುವಿಗೆ ಜ್ವರ. ಗೇಟಿನ ಬಳಿ ತಿರುಗಿ ನೋಡಿದರೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ಅತ್ತೆ ಕಿಟಕಿಯಲ್ಲಿ ನಿಂತಿದ್ದರು. ಎಡರೆಪ್ಪೆ ಇಳಿಬಿದ್ದಿತ್ತು, ಬಲಹುಬ್ಬು ಮೇಲೇರಿತ್ತು, ಬಲಗಣ್ಣಿನ ಪಾಪೆಯ ಸುತ್ತ ಬಿಳಿ ಕಾಣುತ್ತಿತ್ತು. ಆ ನೋಟ ಅಂದಿನಿಂದ ಅವಳ ಬೆನ್ನಿಗೆ ಅಂಟಿಕೊಂಡೇ ಇತ್ತು. ಪೆನ್ನು ತಾನಾಗಿ ಓಡಿತು.

ಬಸ್ಸಿನಲ್ಲಿ ಮನೆಗೆ ಮರಳುವಾಗ ಹೊಳೆಯಿತು. ಬರೆದದ್ದನ್ನು ಅತ್ತೆ ನೋಡಿದರೆ? ಸಣ್ಣದಕ್ಕೂ "ದೊಡ್ಡವನ ಮನೆಗೆ ಹೊರಟುಬಿಡ್ತೀನಿ" ಎನ್ನುವವರು ಅವರು. ಗಂಡ ತಿಂಗಳಲ್ಲಿ ಇಪ್ಪತ್ತು ದಿನ ಊರೂರು ಸುತ್ತುವವನು. ಅತ್ತೆ ಹೊರಟರೆ ಮಗುವಿಗೆ ಯಾರೂ ಇಲ್ಲ, ತನಗೆ ಕೆಲಸವಿಲ್ಲ.

ಆ ಕಣ್ಣನ್ನು ಬೇರೆ ಬರೆದುಕೊಡುತ್ತೇನೆಂದು ಮರುದಿನ ಅಂಗಲಾಚಿದಳು. "ಅದು ಚಾನೆಲ್ಲಿಗೆ ಹೋಗಿ ಆಯ್ತು," ಎಂದ ನಿರ್ದೇಶಕ. "ಚೆನ್ನಾಗಿದೆ. ನಂಗೇ ಮೈ ಜುಮ್ ಅಂತು."

ಪ್ರಸಾರದ ದಿನ ಸಂಜೆ ಐದೂವರೆಗೆ ಅಜ್ಜಿ ಮೊಮ್ಮಗಳು ಟೀವಿಯ ಮುಂದೆ ತಳವೂರಿದರು.

"ಅತ್ತೆ, ಇವಳನ್ನ ಕರ್ಕೊಂಡು ಹೊರಗೆ ಓಡಾಡಿ ಬರೋಣ್ವಾ? ಗಾಳಿ ಚೆನ್ನಾಗಿದೆ."

"ನೀನು ಬರೆದಿದ್ದು ಬರೋವಾಗ್ಲೇ ಗಾಳಿ ಚೆನ್ನಾಗಿರ್ಬೇಕಾ? ಕೂತ್ಕೋ. ಕುರ್ಚೀಲಿ ಮುಳ್ಳೇನೂ ಇಲ್ಲ."

ಅವಳು ಕೂತಳು. ಕೋಟೆ ಬಂತು, ಬಾಗಿಲು ತೆರೆಯಿತು, ಸದ್ದೆಲ್ಲ ನಿಂತಿತು. ಗೋಡೆಯಿಂದ ಗೋಡೆಗೆ ಹರಡಿದಂತೆ ಎರಡು ಕಣ್ಣು.

"ಅಜ್ಜೀ! ನೀನು ಟೀವಿಲಿ!"

ಯಾರೂ ನಗಲಿಲ್ಲ. ಕಣ್ಣಕ್ಕ ಒಳಗೊಳಗೇ ಎಣಿಸುತ್ತಿದ್ದಳು. ಹನ್ನೊಂದು ಮುಗಿದದ್ದೇ ಅತ್ತೆ ರಿಮೋಟು ಒತ್ತಿ ಸದ್ದು ಆರಿಸಿದರು.

"ನಿನ್ನನ್ನ ನಾನು ಯಾವಾಗ ಹೀಗೆ ನೋಡಿದ್ದೆ?"

ನಾಲಿಗೆಯ ತುದಿಗೆ ಬಂದ ಸುಳ್ಳು ಅಲ್ಲೇ ನಿಂತಿತು. "ಕಿಟಕೀಲಿ... ಇವಳಿಗೆ ಜ್ವರ ಬಂದಿತ್ತಲ್ಲ, ಆವತ್ತು. ಬಿಟ್ಟು ಹೊರಟೆ ಅಂತ ನಿಮಗೆ ಸಿಟ್ಟು ಬಂದಿತ್ತು."

"ಸಿಟ್ಟಾ?" ಅತ್ತೆ ರಿಮೋಟನ್ನು ಪಕ್ಕಕ್ಕಿಟ್ಟರು. "ಕಣ್ಣು ನಂದೇ, ಸರಿಯಾಗೇ ಬರೆದಿದ್ದೀಯ. ಆದ್ರೆ ಅದು ಸಿಟ್ಟಲ್ಲ. ಮಗು ಮೈ ಕೆಂಡ ಆಗಿತ್ತು. ವಾಪಸ್ ಬರ್ತೀಯೇನೋ ಅಂತ ನೋಡ್ತಾ ನಿಂತಿದ್ದೆ. ನೀನು ಕೈಬೀಸಿ ಹೋದೆ. ನನಗೆ ಕೈಕಾಲೇ ಆಡ್ಲಿಲ್ಲ."

ಬಾಯಿಯನ್ನು ಬಿಟ್ಟು ಬರೀ ಕಣ್ಣು ಬರೆದರೆ ಸಿಟ್ಟಿಗೂ ಭಯಕ್ಕೂ ಕೂದಲೆಳೆಯಷ್ಟೇ ಅಂತರ. ಅದನ್ನು ಹೊಸಬರಿಗೆ ಕಲಿಸುತ್ತಿದ್ದವಳೇ ಅವಳು.

"ಒಂದು ಮಾತು ಹೇಳ್ಬಹುದಿತ್ತಲ್ಲ, ಅತ್ತೆ."

"ಹೇಳಿದ್ರೆ ನೀನು ಕೆಲಸ ಬಿಡ್ತಿದ್ದೆ."

"ಮತ್ತೆ ದೊಡ್ಡ ಭಾವನ ಮನೆಗೆ ಹೋಗ್ತೀನಿ ಅಂತೀರಲ್ಲ, ಯಾವಾಗ್ಲೂ?"

"ಭಯ ತಡೆಯೋಕಾಗದೆ ಅನ್ನೋದು. ಈಗ್ಲೂ ಅಷ್ಟೇ. ನೀನು ಎಂಟಕ್ಕೆ ಬಾಗಿಲು ಹಾಕ್ಕೊಂಡು ಹೋಗ್ತೀಯ, ಇವಳು ಏಳೋದು ಎಂಟೂವರೆಗೆ. ಆ ಅರ್ಧ ಗಂಟೆ ಉಸಿರಿದೆಯಾ ಅಂತ ಮೂಗಿನ ಹತ್ರ ಕೈ ಇಟ್ಕೊಂಡು ಕೂತಿರ್ತೀನಿ." ಅತ್ತೆ ಮೊದಲ ಬಾರಿಗೆ ಸೊಸೆಯ ಮುಖದಿಂದ ನೋಟ ಆಚೆಗೆ ಸರಿಸಿದರು. "ಇವಳು ಎದ್ಮೇಲೆ ಹೋಗೋಕಾಗುತ್ತಾ, ನೋಡು."

ಮಾರನೆಯ ದಿನ ಕಣ್ಣಕ್ಕ ಸ್ಟುಡಿಯೋ ತಲುಪಿದ್ದು ಒಂಬತ್ತೂವರೆಗೆ. ಇಷ್ಟು ತಡವೇಕೆಂದು ನಿರ್ದೇಶಕ ಕೇಳಿದ. ಇನ್ನು ಮೇಲೆ ಹೀಗೇ ಬರುತ್ತೇನೆ ಎಂದಳು. ಅವನು ಹೂಂ ಎನ್ನುವವರೆಗೂ ಅವಳು ಕುರ್ಚಿ ಎಳೆದುಕೊಳ್ಳಲಿಲ್ಲ.